ಹದಿನಾಲ್ಕನೇ ಕಲ್ಲು

ಹೋದ ತಿಂಗಳು ಮನೆ ಮುಂದಿನ ಕಟ್ಟೆ ಒಂದು ಕಡೆ ಕುಸಿಯಿತು. ಹೆಗ್ಗಣಗಳು ತೋಡಿ ತೋಡಿ ಕೆಳಗಿನ ಮಣ್ಣನ್ನೆಲ್ಲ ಖಾಲಿ ಮಾಡಿದ್ದವು. ಕಲ್ಲು ಕಟ್ಟುವ ಗೌಂಡಿಯನ್ನು ಕರೆಸಿದೆ. ಅವನು ತುದಿಯ ಚಪ್ಪಡಿಗೆ ಹಾರೆ ಹಾಕಿ ಮೀಟಿ, ಮಗುಚಿ ಹಾಕಿ, ಕೈ ಝಾಡಿಸಿಕೊಂಡು, "ಟೀಚರ್, ಇದರ ಬೆನ್ನಿಗೆ ಯಾರೋ ನಂಬರ್ ಬರದಾರ ನೋಡ್ರಿ" ಅಂದ. ಬಗ್ಗಿ ನೋಡಿದೆ. ಮಣ್ಣು ಮೆತ್ತಿದ ಕಲ್ಲಿನ ಮೇಲೆ ಕೆಂಪು ಎಣ್ಣೆಬಣ್ಣದಲ್ಲಿ ೧೪. ಯಾರೋ ಏನು ಬಂತು, ನನ್ನದೇ ಅಕ್ಷರ! ೪ರ ಕಾಲು ನಾನು ಇವತ್ತಿಗೂ ಕರಿಹಲಗೆಯ ಮೇಲೆ ಹಾಗೇ ಅಗಲ ಮಾಡಿ ಬರೆಯೋದು. ಬರೆದದ್ದು ನಾನು... ಬರೆಸಿದ್ದು ಜಮಾದಾರ ಕಾಕಾ.

ಜಮಾದಾರ ಅಂದರೆ ನಮ್ಮೂರ ಕಡೆ ಕಸ ಗುಡಿಸುವವರ, ಗಟಾರ ಬಳಿಯುವವರ ಮುಖಂಡ. ಕಾಕಾನನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಖಾಕಿ ಅಂಗಿ, ಮೊಣಕಾಲ ತನಕ ಮಡಚಿದ ಪ್ಯಾಂಟು, ಹೆಗಲ ಮೇಲೊಂದು ಟಾವೆಲ್ಲು, ಕೈಯಲ್ಲೊಂದು ಕಬ್ಬಿಣದ ಸರಳು. ಬೆಳಗ್ಗೆ ಆರಕ್ಕೆ ಓಣಿಗೆ ಬಂದು ಗಟಾರದ ಮೇಲಿನ ಕಲ್ಲುಗಳಿಗೆ ಆ ಸರಳಿನಿಂದ ಟಣ್ ಟಣ್ ಅಂತ ಬಡಿದು, ತಲೆ ಓರೆ ಮಾಡಿ ಕೇಳುತ್ತಿದ್ದರು. ಒಳಗೆ ನೀರು ಹರೀತಿದ್ದರೆ ಒಂದು ಸಪ್ಪಳ, ನಿಂತಿದ್ದರೆ ಒಂದು, ಹೂಳು ತುಂಬಿದ್ದರೆ ಮತ್ತೊಂದು. ಯಾರೂ ಇಲ್ಲದಾಗ ನಾನೂ ಒಮ್ಮೆ ಒಲೆ ಊದುವ ಕೊಳವಿ ತಗೊಂಡು ಹೋಗಿ ಬಡಿದು ನೋಡಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಎಲ್ಲ ಒಂದೇ ಕೇಳಿಸಿತು.

ಊರ ಗಟಾರಗಳ ನಕಾಶೆ ಪುರಸಭೆ ಕಚೇರಿಯಲ್ಲಿ ಇತ್ತೋ ಇಲ್ಲವೋ, ಅವರ ತಲೆಯಲ್ಲಂತೂ ಇತ್ತು. ಯಾರ ಬಚ್ಚಲ ನೀರು ಯಾರ ಮನೆ ಹಿಂದಿನಿಂದ ಹೋಗಿ ಎಲ್ಲಿ ಕೂಡುತ್ತದೆ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಸಂತೆ ಮುಗಿದ ಮೇಲೆ ಮೈದಾನದಲ್ಲಿ ಕೊನೆಯ ಕೋಸಿನ ಎಲೆ ಎತ್ತುವ ತನಕ ಮನೆಗೆ ಹೋಗುತ್ತಿರಲಿಲ್ಲವಂತೆ. ಆದರೆ ಓಣಿಯವರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಗಟಾರದ ಮೇಲೆ ಕಟ್ಟೆ ಕಟ್ಟಿದರೆ, ಮೆಟ್ಟಿಲು ಮುಂದೆ ಚಾಚಿದರೆ, ಎಂಥವರ ಮನೆಯಾದರೂ ಸರಿ, ನೋಟೀಸು ತಂದು ಕೈಗಿಡುತ್ತಿದ್ದರು. "ರಸ್ತಾ ನಿಮ್ಮಪ್ಪಂದೇನು?" ಅಂತ ಯಾರಾದರೂ ಜಗಳಕ್ಕೆ ನಿಂತರೆ, "ಹೌದ್ರೀ, ನಮ್ಮಪ್ಪಂದೂ ಹೌದು, ನಿಮ್ಮಪ್ಪಂದೂ ಹೌದು. ಅದಕ್ಕ ಕೇಳಾಕ ಬಂದೀನಿ" ಅನ್ನುತ್ತಿದ್ದರು. ಓಣಿಯಲ್ಲಿ ಅವರಿಗಿಟ್ಟ ಹೆಸರು ಕಟ್ಟಿಮುರುಕ.

ಆ ಕಾಲಕ್ಕೆ ನಮ್ಮ ಕಟ್ಟೆ ಈಗಿನ ಜಾಗದಲ್ಲಿರಲಿಲ್ಲ. ಮೂರು ಮೊಳ ಮುಂದೆ, ಗಟಾರವನ್ನು ಪೂರ್ತಿ ಮುಚ್ಚಿಕೊಂಡು ಕೂತಿತ್ತು. ಅಪ್ಪ ಸಾಯುವ ಮುಂಚಿನ ವರ್ಷ ತಾನೇ ಕಲ್ಲು ಹೊಂದಿಸಿ, ಸಂದಿಗೆ ಸಿಮೆಂಟು ತುಂಬಿ ಕಟ್ಟಿದ್ದು. ಅಪ್ಪ ಹೋದ ಮೇಲೆ ಅವ್ವ ಆ ಕಟ್ಟೆಯ ಮೇಲೆಯೇ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡು ಕೂತು ನಮ್ಮನ್ನು ಸಾಕಿದಳು, ನನ್ನನ್ನು ಓದಿಸಿದಳು. ನನಗೆ ಸಾಲಿಯಲ್ಲಿ ನೌಕರಿ ಸಿಕ್ಕ ಮೇಲೂ ಕಟ್ಟೆ ಬಿಡಲಿಲ್ಲ. "ಇಲ್ಲಿ ಕುಂತ್ರ ನಿಮ್ಮಪ್ಪನ ಮಗ್ಗುಲಿಗೆ ಕುಂತಂಗ ಆಗ್ತೈತಿ" ಅನ್ನುತ್ತಿದ್ದಳು. ನಾವೊಬ್ಬರೇ ಅಲ್ಲ, ಇಡೀ ಓಣಿಯೇ ಹಾಗೆ ಕಟ್ಟೆ ಕಟ್ಟಿಕೊಂಡಿತ್ತು. ಒಳಗಿನ ಗಟಾರ ಸತ್ತಿದೆಯೋ ಬದುಕಿದೆಯೋ ಯಾರೂ ಕೇಳಿರಲಿಲ್ಲ.

ಕೇಳಿದ್ದು ಬಳೆ ಮಾರುವ ಚಾಚಿ ಒಬ್ಬಳೇ. ಅವಳ ಮನೆ ಓಣಿಯ ತಗ್ಗಿನಲ್ಲಿ. ಆ ವರ್ಷ ಒಂದೇ ಮಳೆಗೆ ನಮ್ಮೆಲ್ಲರ ಹೊಲಸು ಮೇಲೆ ಉಕ್ಕಿ, ರಸ್ತೆಯಲ್ಲಿ ಹರಿದು ಅವಳ ಮನೆ ಹೊಕ್ಕಿತು. ಹಾಸಿಗೆ, ಹಿಟ್ಟಿನ ಡಬ್ಬಿ, ಬಳೆ ಪೆಟ್ಟಿಗೆ ಎಲ್ಲ ತೇಲಿದವು. ಚಾಚಿ ಹಸಿ ಕೌದಿಯನ್ನು ಹಾಗೇ ಹೊತ್ತುಕೊಂಡು ಹೋಗಿ ಕಚೇರಿಯ ಮೆಟ್ಟಿಲ ಮೇಲೆ ಇಟ್ಟು ಅತ್ತಳಂತೆ. ಮರುದಿನವೇ ಓಣಿಯ ಎಲ್ಲ ಕಟ್ಟೆ ತೆರವು ಮಾಡಬೇಕು ಅಂತ ನೋಟೀಸು ಬಂತು. ತಂದವರು ಜಮಾದಾರ ಕಾಕಾ.

ಅವ್ವ ಅವತ್ತು ಉಣ್ಣಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ಮೂರು ವಯಸ್ಸು, ಹೊಸ ನೌಕರಿ, ಅಕ್ಷರ ಬೇರೆ ದುಂಡಗೆ. ಓಣಿಯವರು ಬಂದು, "ನೀನ ಒಂದ್ ಅರ್ಜಿ ಬರಿಯವಾ, ಅವಂಗ ಬುದ್ಧಿ ಬರ್ಲಿ" ಅಂದರು. ಬರೆದೆ. ಜಮಾದಾರರು ರೊಕ್ಕ ಕೊಟ್ಟವರ ಕಟ್ಟೆ ಬಿಟ್ಟು ಬಡವರ ಕಟ್ಟೆ ಮುರಿಯುತ್ತಾರೆ ಅಂತ ಬರೆದೆ. ಯಾರೂ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಬರೆಯುವಾಗ ಕೈ ಒಂದಿಷ್ಟೂ ನಡುಗಲಿಲ್ಲ ನೋಡಿ, ಅದೇ ನನಗೆ ಈಗ ಹೆದರಿಕೆ. ಮೊದಲ ಸಹಿ ನನ್ನದು, ಹಿಂದೆ ಓಣಿಯವರೆಲ್ಲರದು.

ಮುಂದಿನ ರವಿವಾರ ಕಾಕಾ ಬಂದರು. ಜೊತೆಗೆ ಇಬ್ಬರು ಆಳು, ಎರಡು ಹಾರೆ, ಒಂದು ಬಕೆಟ್ಟು ಸುಣ್ಣದ ನೀರು, ಒಂದು ಸಣ್ಣ ಡಬ್ಬಿ ಕೆಂಪು ಬಣ್ಣ. ಓಣಿಯೆಲ್ಲ ಬಾಗಿಲಿಗೆ ಬಂತು. ಅವರು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. ನನ್ನ ಅರ್ಜಿಯ ನಕಲು.

"ಇದು ನೀವ ಬರದದ್ದೇನ್ರಿ ಟೀಚರ್?"

ಹೌದು ಅಂತ ತಲೆ ಆಡಿಸಿದೆ.

"ಅಕ್ಷರ ಭಾಳ ಛಲೋ ಅದಾವ್ರಿ" ಅಂದರು. ಮಡಚಿ ಜೇಬಿಗಿಟ್ಟುಕೊಂಡರು. ಚುಚ್ಚುಮಾತೇನೋ ಅಂತ ಮುಖ ನೋಡಿದೆ. ಇಲ್ಲ, ನಿಜವಾಗಿ ಅಕ್ಷರವನ್ನೇ ಮೆಚ್ಚಿದ್ದರು.

ಆಮೇಲೆ ಅವ್ವನ ಕಡೆ ತಿರುಗಿ, "ಅವ್ವಾರ, ಒಂದ್ ಹಿಡಿ ಅರಿಷಿಣ ಕೊಡ್ರಿ" ಅಂದರು. ಅವ್ವ ಮುಖ ಗಂಟಿಕ್ಕಿಕೊಂಡೇ ತಂದು ಕೊಟ್ಟಳು. ಅದನ್ನು ಸುಣ್ಣದ ನೀರಿಗೆ ಹಾಕಿ ಕಲಸಿದರು. ಬಕೆಟ್ಟಿನ ತುಂಬ ಕೆಂಪನೆ ಓಕುಳಿ! ಓಣಿಯ ಮೇಲ್ತುದಿಯಲ್ಲಿ ಗಟಾರದ ಬಾಯಿಗೆ ಸುರಿದು, ಮೇಲಿಂದ ನಾಲ್ಕು ಕೊಡ ನೀರು ಬಿಟ್ಟು, "ಎಲ್ಲಾರೂ ಚಾಚಿ ಮನಿ ಹತ್ರ ಹೋಗಿ ನಿಂದರ್ರಿ. ಕೆಂಪು ಬಂದ್ರ ನಿಮ್ಮ ಕಟ್ಟಿ ನಾ ಮುಟ್ಟಂಗಿಲ್ಲ" ಅಂದರು.

ಹೋಗಿ ನಿಂತೆವು. ಎಷ್ಟು ಹೊತ್ತು ನಿಂತರೂ ಕೆಂಪು ಬರಲಿಲ್ಲ. ಕಾಕಾ ಮೇಲಿನಿಂದ ಒಂದೊಂದೇ ಮನೆಯ ಮುಂದೆ ಸರಳು ಬಡಿಯುತ್ತ, ಕಲ್ಲಿಗೆ ಕಿವಿ ಹಚ್ಚುತ್ತ ಇಳಿದು ಬಂದರು. ಕಲ್ಲಿಗೆ ಕಿವಿ ಹಚ್ಚಿದ ಆ ಮನುಷ್ಯನನ್ನು ನೋಡುತ್ತ ನನಗೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಮ್ಮ ಕಟ್ಟೆಯ ತುದಿಗೆ ಬಂದು ನಿಂತು, "ಇಲ್ಲೇ ಐತ್ರಿ" ಅಂದರು.

ಅವ್ವ ಕಟ್ಟೆಯ ಮೇಲೆ ಕೂತುಬಿಟ್ಟಳು. "ಇದನ್ನ ಮುರದ್ರ ನನ್ನ ಮುರದಂಗ" ಅಂದಳು. ಕಾಕಾ ಅವಳ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. "ಅವ್ವಾರ, ಒಂದ್ ಕಲ್ಲು ಒಡಿಯಂಗಿಲ್ಲ, ಒಂದ್ ಕಲ್ಲು ಕಳಿಯಂಗಿಲ್ಲ. ಸಂಜಿಕ್ಕ ಇದ ಕಟ್ಟಿ ನಿಮ್ಮ ಗ್ವಾಡಿ ಮಗ್ಗುಲಿಗೆ ಬಂದು ಕುಂಡ್ರತೈತಿ. ನೀವೂ ಕುಂಡ್ರುವಂತ್ರಿ." ಅವ್ವ ಅವರ ಮುಖ ನೋಡಿ ಎದ್ದಳು.

ಕಾಕಾ ಬಣ್ಣದ ಡಬ್ಬಿ ನನ್ನ ಕೈಗೆ ಕೊಟ್ಟರು. ಒತ್ತುವರಿ ಗೋಡೆಗಳಿಗೆ ಗುರುತು ಹಾಕುವ ಬಣ್ಣ ಅದು. "ಟೀಚರ್, ನಂಬರ್ ನೀವ ಬರೀರಿ. ನಿಮ್ಮ ಅಕ್ಷರ ಅಂದ್ರ ಓಣಿ ನಂಬ್ತೈತಿ." ಆಳುಗಳು ಸಂದಿಯ ಸಿಮೆಂಟನ್ನು ಉಳಿಯಿಂದ ಬಿಡಿಸಿ, ಒಂದೊಂದೇ ಚಪ್ಪಡಿ ಎತ್ತಿ ಮಗುಚುತ್ತ ಹೋದರು. ನಾನು ಮೊದಲನೇದಕ್ಕೆ, ಮಗುಚುವ ಮುಂಚೆಯೇ, ಮೇಲ್ಭಾಗದಲ್ಲಿ ಬರೆಯಲು ಹೋದೆ. "ಮಾರಿಗೆ ಬ್ಯಾಡ್ರೀ, ಬೆನ್ನಿಗೆ ಬರೀರಿ. ಅವ್ವಾರು ದಿನಾ ಕುಂಡ್ರೋ ಕಲ್ಲು" ಅಂದರು. ನಾನು ಅವರ ಹೆಸರಿಗೆ ಮಸಿ ಬಳಿದಿದ್ದೆ. ಅವರು ನಮ್ಮ ಕಲ್ಲಿನ ಮುಖಕ್ಕೂ ಬಣ್ಣ ತಾಗಗೊಡಲಿಲ್ಲ.

ಹದಿನಾಲ್ಕನೆಯದು ಕೊನೆಯ ಕಲ್ಲು. ಅದನ್ನೆತ್ತಿದಾಗ ವಾಸನೆಗೆ ಎಲ್ಲರೂ ಸೆರಗು, ಟಾವೆಲ್ಲು ಮೂಗಿಗೆ ಹಿಡಿದು ದೂರ ಸರಿದರು. ಬರೆಯಲು ಕೂತಿದ್ದ ನಾನೊಬ್ಬಳೇ ಹತ್ತಿರವಿದ್ದೆ. ಕಾಕಾ ಅಂಗಿ ಕಳಚಿ, ನೆಲಕ್ಕೆ ಮಲಗಿ, ಹೆಗಲ ತನಕ ಕೈ ಇಳಿಸಿದರು. ಚಿಂದಿ, ಪ್ಲಾಸ್ಟಿಕ್ಕು, ಒಂದು ಚಪ್ಪಲಿ ಬಂದವು. ಅವುಗಳ ಕೆಳಗೆ ಗಟ್ಟಿಯಾದದ್ದೇನೋ ತಾಗಿತು. ಉಳಿ ಹಾಕಿ ಅರ್ಧ ತಾಸು ಬಡಿದು ಹೊರಗೆ ತೆಗೆದರು. ಕುಂಬಳಕಾಯಿ ಗಾತ್ರದ ಸಿಮೆಂಟಿನ ಗಡ್ಡೆ. ಕಟ್ಟೆ ಗಟ್ಟಿಯಿರಲಿ ಅಂತ ಅಪ್ಪ ಸಂದಿಗೆ ಸುರಿದದ್ದೇ ಒಳಗೆ ಸೋರಿ, ಗಟಾರದ ಗಂಟಲಲ್ಲಿ ಕೂತು ಕಲ್ಲಾಗಿತ್ತು. ಚಾಚಿಯ ಮನೆ ಮುಳುಗಿಸಿದ್ದು ನಮ್ಮಪ್ಪ!

ನಾನು ಕಾಕಾನ ಮುಖ ನೋಡಿದೆ. ಅವರಿಗೂ ತಿಳಿದಿತ್ತು. ಗಡ್ಡೆಯ ಮೇಲೆ ತಮ್ಮ ಟಾವೆಲ್ಲು ಹೊದಿಸಿ, ಕೈಗಾಡಿಯಲ್ಲಿಟ್ಟು, ಮೆಲ್ಲಗೆ, "ನೋಡಿದ್ದು ನಮ್ಮಿಬ್ಬರ ನಡುವ ಇರ್ಲಿ ಟೀಚರ್. ಅವ್ವಾರಿಗೆ ಹೇಳಬ್ಯಾಡ್ರಿ" ಅಂದರು. ಅವ್ವ ದೂರದಿಂದ, "ಏನಿತ್ತಣ್ಣಾ ಒಳಗ?" ಅಂತ ಕೇಳಿದಳು. "ಎಲ್ಲಿಂದನೋ ಒಂದ್ ಕಲ್ಲು ಹರಕೊಂತ ಬಂದು ಸಿಕ್ಕೊಂಡಿತ್ರಿ" ಅಂದರು. ಆ ಮನುಷ್ಯನ ಬಾಯಲ್ಲಿ ನಾನು ಕೇಳಿದ ಸುಳ್ಳು ಅದೊಂದೇ. ಅವರ ಮೇಲೆ ನಾನು ಬರೆದ ಸುಳ್ಳಿನ ನಕಲು ಅವರು ಕಳಚಿಟ್ಟ ಅಂಗಿಯ ಜೇಬಿನಲ್ಲೇ ಇತ್ತು.

ಮತ್ತೊಂದು ಹಿಡಿ ಅರಿಷಿಣ, ಮತ್ತೊಂದು ಬಕೆಟ್ಟು ಓಕುಳಿ. ಈ ಸಲ ಕಾಯಬೇಕಾಗಲಿಲ್ಲ. ತಗ್ಗಿನಿಂದ ಚಾಚಿಯ ಕೂಗು ಬಂತು. "ಬಂತು ನೋಡ್ರೇ, ಲಾಲ್ ಪಾನಿ ಬಂತು! ಯಾ ಅಲ್ಲಾ, ಬಂತು!" ಓಣಿಯೆಲ್ಲ ಓಡಿತು. ಕೆಂಪು ನೀರು ಅವಳ ಬಾಗಿಲ ಮುಂದೆ, ಗಟಾರದೊಳಗೇ, ತೆಪ್ಪಗೆ ಹರಿದು ಹೋಗುತ್ತಿತ್ತು. ಗಟಾರದ ನೀರು ನೋಡಿ ಕಣ್ಣು ತುಂಬುತ್ತದೆ ಅಂದರೆ ನೀವು ನಗುತ್ತೀರಿ. ನನಗೆ ತುಂಬಿತು.

ಸಂಜೆಗೆ ಒಂದರಿಂದ ಹದಿನಾಲ್ಕರ ತನಕ ನಂಬರಿನ ಪ್ರಕಾರ ಕಲ್ಲು ಹೊಂದಿಸಿ, ಗೋಡೆಗೆ ಆನಿಸಿ ಕಟ್ಟೆ ಕೂಡಿಸಿದರು. ಅಗಲ ಕಡಿಮೆ, ಉದ್ದ ಜಾಸ್ತಿ, ಆದರೆ ಅದೇ ಕಟ್ಟೆ. ಅವ್ವ ಅಂಗೈಯಿಂದ ಕಲ್ಲು ಸವರಿ ನೋಡಿ, "ಕುಂಡ್ರಣ್ಣಾ, ಮೊದಲ ನೀನ ಕುಂಡ್ರು. ರೊಟ್ಟಿ ತರ್ತೀನಿ" ಅಂದಳು. ನಮ್ಮ ಓಣಿಯಲ್ಲಿ ಅವರಿಗೆ ಕೂಡು ಅಂದವರು ಅಲ್ಲಿ ತನಕ ಯಾರೂ ಇರಲಿಲ್ಲ, ನಾವೂ ಅಂದಿರಲಿಲ್ಲ. ಅವರು ಹಿಂದೆ ಸರಿದು, "ಬ್ಯಾಡ್ರೀ ಅವ್ವಾರ, ಮೈಯೆಲ್ಲ ಹೊಲಸಾಗೈತಿ" ಅಂದರು. "ಹೊಲಸು ಯಾರದಣ್ಣಾ? ನಮ್ದಲ್ಲೇನು?" ಅಂದಳು ಅವ್ವ. ಕಾಕಾ ಕೂತರು.

ಮುಂದಿನ ಮೂರು ರವಿವಾರ ಓಣಿಯ ಕಟ್ಟೆಗಳೆಲ್ಲ ತಾವಾಗಿಯೇ ಹಿಂದೆ ಸರಿದವು. ನಂಬರು ಬರೆದವಳು ನಾನೇ. ಒಂದು ದಿನ ಧೈರ್ಯ ಮಾಡಿ, "ಕಾಕಾ, ಆ ಅರ್ಜಿ ಸುಳ್ಳು ಅಂತ ಇನ್ನೊಂದು ಬರದು ಕೊಡ್ತೀನ್ರಿ" ಅಂದೆ. ಅವರ ಮುಖ ಅರಳಿತು. "ಭಾಳ ಉಪಕಾರ ಆಗ್ತೈತ್ರಿ ಟೀಚರ್. ರಿಟೈರ್ ಆಗಾಕ ಎರಡ ವರ್ಷ ಉಳದಾವ. ಅಂವ ರೊಕ್ಕ ತಿಂದಾಂವ ಅನಿಸಿಕೊಂಡು ಹೋಗಬಾರ್ದು, ಅಷ್ಟರಿ." ತಮಗಾಗಿ ಅವರು ನನ್ನ ಹತ್ತಿರ ಕೇಳಿದ್ದು ಅದೊಂದನ್ನೇ.

ನಾನು ಬರೆಯಲಿಲ್ಲ. ಸಾಲಿಯಲ್ಲಿ ಹಿರಿಯರೊಬ್ಬರು, "ಸುಳ್ಳು ಬರದೀನಿ ಅಂತ ನೀನ ಬರದು ಕೊಟ್ರ ನಿನ್ನ ನೌಕರಿಗೇ ಕುತ್ತು" ಅಂದರು. ಆ ಅರ್ಜಿಯ ವಿಚಾರಣೆಗೆ ಬಂದು ಹೇಳಿಕೆ ಕೊಡಿ ಅಂತ ಕಚೇರಿಯಿಂದ ಕಾಗದ ಬಂದಾಗ ಮೈಯಲ್ಲಿ ಹುಷಾರಿಲ್ಲ ಅಂತ ತಿಳಿಸಿದೆ. ಎರಡನೇ ಸಲವೂ ಅದನ್ನೇ ಮಾಡಿದೆ. ಅರ್ಜಿ ಕೊಟ್ಟವಳು ಬಾರದೆ ವಿಚಾರಣೆ ಮುಗಿಯಲಿಲ್ಲ. ಕಾಕಾ ನೆನಪಿಸಲೇ ಇಲ್ಲ. ಬೆಳಗ್ಗೆ ಆರಕ್ಕೆ ಟಣ್ ಟಣ್ ಅನ್ನುತ್ತ ಬಂದು, ನನ್ನನ್ನು ಕಂಡರೆ, "ಹರಿಯಾಕತ್ತೈತ್ರಿ ಟೀಚರ್" ಅಂತಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು...

ಒಂದು ದಿನ ಸಪ್ಪಳ ಬರಲಿಲ್ಲ. ಕಸ ಗುಡಿಸುವ ಅಕ್ಕ ಹೇಳಿದಳು: ನಿನ್ನೆಗೆ ನೌಕರಿ ಮುಗಿಯಿತು, ಅವರ ಮೇಲೊಂದು ವಿಚಾರಣೆ ಬಾಕಿ ಇತ್ತಲ್ಲ, ಅದಕ್ಕೆ ಶಾಲು-ಹಾರ ಏನೂ ಇರಲಿಲ್ಲ, ಸರಳನ್ನು ಮೂಲೆಗೆ ಆನಿಸಿಟ್ಟು ಬೇವೂರಿನ ಮಗಳ ಮನೆಗೆ ಹೋದರು. ಎರಡು ವರ್ಷ ಬಿಟ್ಟು ತರಬೇತಿಗೆ ಯಲಬುರ್ಗಾಕ್ಕೆ ಹೋಗುವಾಗ ಬಸ್ಸು ಬೇವೂರಿನಲ್ಲಿ ನಿಂತಿತು. ಕಿಟಕಿಯಿಂದ ನೋಡಿದೆ. ಇಳಿಯಲಿಲ್ಲ. ಬರುವಾಗ ಇಳಿದರಾಯಿತು ಅಂದುಕೊಂಡೆ, ಬರುವಾಗಲೂ ಇಳಿಯಲಿಲ್ಲ. ಮುಂದಿನ ಬೇಸಿಗೆಗೆ ಅವರು ತೀರಿಕೊಂಡ ಸುದ್ದಿ ಬಂತು. ಅವ್ವ ಅವತ್ತು ರೊಟ್ಟಿ ಬಡಿಯಲಿಲ್ಲ. ಈಗ ಅವಳೂ ಇಲ್ಲ. ಆ ಗಡ್ಡೆಯ ವಿಷಯ ಅವಳಿಗೆ ಕೊನೆಯ ತನಕ ತಿಳಿಯಲಿಲ್ಲ, ಕಾಕಾನ ಆ ಒಂದು ಮಾತನ್ನಾದರೂ ನಡೆಸಿದೆ.

ಗೌಂಡಿ ಕೆಳಗೆ ಮಣ್ಣು ತುಂಬಿ, ಕಲ್ಲನ್ನು ಮತ್ತೆ ಮೊದಲಿನಂತೆ ಹಾಕಲು ಹೋದ. "ಬ್ಯಾಡಪ್ಪಾ, ನಂಬರ್ ಮ್ಯಾಲ ಬರ್ಲಿ" ಅಂದೆ. "ಛಂದ ಕಾಣಂಗಿಲ್ರೀ ಟೀಚರ್. ಬಂದ್ ಮಂದಿ ಏನಿದು ಅಂತ ಕೇಳ್ತಾರ." "ಕೇಳ್ಲಿ" ಅಂದೆ.

ಕೇಳುತ್ತಿದ್ದಾರೆ. ಹಾಲಿನವನು ಕೇಳಿದ, ಮೀಟರ್ ನೋಡಲು ಬಂದ ಹುಡುಗಿ ಕೇಳಿದಳು, ನಿನ್ನೆ ಬಂದು ಕೂತ ಚಾಚಿಯ ಮೊಮ್ಮಗಳೂ ಕೇಳಿದಳು. ಎಲ್ಲರಿಗೂ ಮೊದಲಿಂದ ಹೇಳುತ್ತೇನೆ. ನನ್ನ ಅರ್ಜಿ ಸುಳ್ಳು, ಆ ಮನುಷ್ಯ ಯಾರ ಒಂದು ರೂಪಾಯಿಯನ್ನೂ ಮುಟ್ಟಿದವರಲ್ಲ ಅಂತ. ಅವತ್ತು ಕಚೇರಿಗೆ ಹೋಗಿ ಕೊಡಬೇಕಾಗಿದ್ದ ಹೇಳಿಕೆಯನ್ನು ಈಗ ಹದಿನಾಲ್ಕನೇ ಕಲ್ಲಿನ ಪಕ್ಕ ಕೂತು ಒಬ್ಬೊಬ್ಬರಿಗೇ ಕೊಡುತ್ತಿದ್ದೇನೆ. ಕೇಳಬೇಕಾಗಿದ್ದವರು ಮಾತ್ರ ಇಲ್ಲ.