ಬಿಲ್ಲೆ ವಾಪಸು ಕೊಡಲು ವಿಯೆನ್ನಾಕ್ಕೆ

ಒಗೆಯಲು ಕೊಟ್ಟಿದ್ದ ಕರಿ ಕೋಟನ್ನು ತರಲು ನಾನು ಲಾಂಡ್ರಿಗೆ ಹೋದಾಗ ಅಲ್ಲಿ ಮೂವರು ಗಿರಾಕಿಗಳಿದ್ದರು. ಇರಬಾರದಿತ್ತು. ಲಾಂಡ್ರಿಯ ಒಡತಿ ಮಿತ್ಸುಯೊ ಕುಸಾಕಾ ಎಂದಿನಂತೆ ಕೋಟನ್ನು ಕೌಂಟರಿನ ಮೇಲೆ ಮಲಗಿಸಿ, ಅದರ ಎದೆಯ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಚೀಲವನ್ನಿಟ್ಟರು. ಜೇಬಿನಲ್ಲಿ ಏನು ಸಿಕ್ಕರೂ ಹೀಗೆ ಚೀಲಕ್ಕೆ ಹಾಕಿ, ಪಿನ್ನು ಹೊಡೆದು, ಬಟ್ಟೆಯ ಜೊತೆಗೇ ಕೊಡುವುದು ಅವರ ಮೂವತ್ತೊಂದು ವರ್ಷದ ಪದ್ಧತಿ. ನನ್ನ ಚೀಲದಲ್ಲಿದ್ದದ್ದು ಮಡಿಸಿದ ಒಂದು ಕಾಗದ, ನಮ್ಮ ಅಂಗಡಿಬೀದಿ ಸಂಘದ ಔತಣದಲ್ಲಿ ನಾನು ಮಾಡಿದ ಭಾಷಣ. ಮಡಿಕೆಯ ಹೊರಮೈಗೆ ಬಂದಿದ್ದದ್ದು ಕೆಂಪು ಶಾಯಿಯ ಒಂದೇ ಸಾಲು: 'ಇಲ್ಲಿ ಜನ ನಗುತ್ತಾರೆ. ನಗು ಮುಗಿಯುವ ತನಕ ಕಾಯುವುದು.'

ನನ್ನ ಬೆನ್ನ ಹಿಂದಿದ್ದ ಓಬಾ ಟೀಚರಿಗೆ ಎಪ್ಪತ್ತಾದರೂ ಕನ್ನಡಕ ಬಂದಿಲ್ಲ.

"ಅಯ್ಯೋ ಮುನಕಾತಾ-ಸಾನ್, ಅವತ್ತು ನೀವು ಮಾತಿನ ಮಧ್ಯೆ ಸುಮ್ಮನೆ ನಿಂತ್ಬಿಟ್ರಲ್ಲ, ಅದು ಇದಕ್ಕಾ? ನಾವೆಲ್ಲ ನಿಮಗೆ ಎದೆನೋವು ಬಂತು ಅಂದ್ಕೊಂಡ್ವಿ. ನಮ್ಮನೆಯವರು ಆಂಬ್ಯುಲೆನ್ಸಿಗೆ ಫೋನ್ ಮಾಡೋಕೆ ಎದ್ದೇ ಬಿಟ್ಟಿದ್ರು!"

ಉಳಿದಿಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಭಾಷಣಕ್ಕೆ ಕೊನೆಗೂ ಜನ ನಕ್ಕಂತಾಯಿತು. ಬರೆದಿದ್ದ ಹಾಗೆಯೇ ನಾನು ನಗು ಮುಗಿಯುವ ತನಕ ಕಾದೆ.

ಮಿತ್ಸುಯೊ ನಗಲಿಲ್ಲ. ಮಾರನೆಯ ಬೆಳಿಗ್ಗೆ ಬೀದಿ ದಾಟಿ ಎದುರಿಗಿರುವ ನನ್ನ ಕಾಗದ-ಪೆನ್ಸಿಲ್ಲಿನ ಅಂಗಡಿಗೆ ಬಂದು, "ಒಳಗಿರೋದು ಕಾಣದ ಹಾಗೆ ಕಂದು ಕವರ್ ಇದ್ಯಾ? ಸಣ್ಣದು. ಐನೂರು ಬೇಕು" ಎಂದರು. ಅಂದಿನಿಂದ ಜೇಬಿನ ಸಾಮಾನೆಲ್ಲ ಕಂದು ಕವರಿನೊಳಗೆ ಹೋಗತೊಡಗಿತು. ಮೇಲೆ ಪೆನ್ಸಿಲಿನಲ್ಲಿ ಯಾರದು, ಯಾವ ಬಟ್ಟೆ, ಯಾವ ಜೇಬು ಎಂಬ ವಿವರ. ನನ್ನ ಮಾನ ಹೋಗಿದ್ದರಿಂದ ನನಗೇ ಐನೂರು ಕವರಿನ ವ್ಯಾಪಾರವಾಯಿತು. ನನ್ನ ಮಾನ ಹೀಗೆ ಲಾಭ ತಂದದ್ದು ಇದೊಂದೇ ಸಲ.

ಯೊನಾಗೊ ಊರಿನ ನಮ್ಮ ಶಿಯೊಮಾಚಿ ಬೀದಿಯಲ್ಲಿ ಮಿತ್ಸುಯೊಗೆ ಗೊತ್ತಿಲ್ಲದ ಗುಟ್ಟಿಲ್ಲ, ಆಕೆಯ ಬಾಯಿಂದ ಹೊರಬಿದ್ದ ಗುಟ್ಟೂ ಇಲ್ಲ. "ಜೇಬಿನ ಸುದ್ದಿ ಜೇಬಿನವರದ್ದು" ಎನ್ನುತ್ತಾರೆ. ಅರವತ್ತನಾಲ್ಕು ವರ್ಷ, ಕುಳ್ಳು. ಕೌಂಟರಿನ ಹಿಂದೆ ಸೇಬಿನ ಪೆಟ್ಟಿಗೆಯ ಮೇಲೆ ನಿಲ್ಲುವುದರಿಂದ ಗಿರಾಕಿಗಳಿಗೆ ಅವರು ಎತ್ತರದವರಾಗಿಯೇ ಪರಿಚಯ. ಬೀದಿಯಲ್ಲಿ ಎದುರಾದರೆ ಅರ್ಧ ಜನಕ್ಕೆ ಗುರುತು ಸಿಗುವುದಿಲ್ಲ. ಗಂಡ ಶೋಜಿ ಹಿಂದಿನ ಕೋಣೆಯ ಹಬೆಯೊಳಗೆ ಇಸ್ತ್ರಿ ಹಾಕುತ್ತಾರೆ. ದಿನಕ್ಕೆ ಒಂಬತ್ತು ಮಾತಾಡಿದರೆ ಅವತ್ತು ಹಬ್ಬ.

ಜೇಬಿನ ಸಾಮಾನು ಕೈಗಿಟ್ಟರೆ ಹೆಚ್ಚಿನವರು "ಬಿಸಾಕಿ" ಅನ್ನುತ್ತಾರೆ. ಮಿತ್ಸುಯೊಗೆ ಬಿಸಾಕಲು ಬರುವುದಿಲ್ಲ. ನಮ್ಮ ಬೀದಿಯವರು ಜನ್ಮಕ್ಕೊಮ್ಮೆ ಯುರೋಪಿಗೆ ಹೋದರೆ ಹೋಗುವುದು ಪ್ಯಾರಿಸ್ಸಿಗೆ, ವಿಯೆನ್ನಾಕ್ಕೆ. ಮೂಲೆಯ ಟ್ರಾವೆಲ್ ಅಂಗಡಿಯವನು ಕಳಿಸುವುದೇ ಅಲ್ಲಿಗೆ. ಹೋಗಿ ಬಂದವರ ಕೋಟುಗಳು ಲಾಂಡ್ರಿಗೆ ಬರುತ್ತವೆ. ಹೀಗೆ ಅಕ್ಕಿ ಬಿಸ್ಕತ್ತಿನ ಎರಡು ಡಬ್ಬಿಗಳು ತುಂಬಿದ್ದವು. ಪ್ಯಾರಿಸ್ಸಿನ ಡಬ್ಬಿಯಲ್ಲಿ ನೆಲದಡಿಯ ರೈಲಿನ ಟಿಕೆಟು, ವಸ್ತುಸಂಗ್ರಹಾಲಯದ ಚೀಟಿ, ಬ್ರೆಡ್ಡಿನ ಅಂಗಡಿಯ ರಸೀದಿ. ವಿಯೆನ್ನಾದ ಡಬ್ಬಿಯಲ್ಲಿ ಕಾಫಿ ಹೋಟೆಲಿನ ಸಕ್ಕರೆ ಪೊಟ್ಟಣ, ಟ್ರಾಮಿನ ಟಿಕೆಟು, ಮತ್ತು ಒಂದು ಹಿತ್ತಾಳೆಯ ಬಿಲ್ಲೆ. ಅದರ ಮೇಲೆ ೨೧೨ ಎಂಬ ಅಂಕಿ.

ಎಲ್ಲ ಶುರುವಾದದ್ದು ಈ ಬಿಲ್ಲೆಯಿಂದ. ನಮ್ಮ ದಂತವೈದ್ಯ ಸುಗಾ ಅವರ ಓವರ್‌ಕೋಟಿನ ಜೇಬಿಗೆ ತೂತು ಬಿದ್ದಿತ್ತು. ತೂತು ಹೊಲಿಯುವಾಗ ಅಸ್ತರಿನೊಳಗೆ, ಕೋಟಿನ ಅಂಚಿಗೆ ಜಾರಿ ಕೂತಿದ್ದ ಬಿಲ್ಲೆ ಸಿಕ್ಕಿತು. ವಿಯೆನ್ನಾದ ಒಂದು ನಾಟಕಮಂದಿರದಲ್ಲಿ ಕೋಟು ಬಿಚ್ಚಿ ಕೊಟ್ಟಾಗ ಕೊಟ್ಟದ್ದು.

"ಓ, ಇದಾ!" ಎಂದರು ಡಾಕ್ಟರು. "ಅವತ್ತು ಎಷ್ಟು ಹುಡುಕಿದ್ರೂ ಸಿಗಲಿಲ್ಲ. ಎಲ್ರೂ ಹೋದ್ಮೇಲೆ ಉಳಿದಿದ್ದು ಇದೊಂದೇ ಕೋಟು, ಹಾಗಾಗಿ ಕೊಟ್ರು. ಬಿಸಾಕಿ ಕುಸಾಕಾ-ಸಾನ್."

"ಬಿಲ್ಲೆ ಬಿಸಾಕೋದಾ ಡಾಕ್ಟರೇ?" ಮಿತ್ಸುಯೊ ಬಿಲ್ಲೆಯನ್ನು ಎದೆಗೊತ್ತಿಕೊಂಡಿದ್ದರಂತೆ. "ಅಲ್ಲಿ ಇನ್ನೂರ ಹನ್ನೆರಡನೇ ಕೊಕ್ಕೆ ಖಾಲಿ ನಿಂತಿರುತ್ತಲ್ಲ! ಬಂದವರಿಗೆಲ್ಲ ಇನ್ನೂರ ಹನ್ನೊಂದು ಆದ್ಮೇಲೆ ಇನ್ನೂರ ಹದಿಮೂರು ಕೊಡ್ಬೇಕು. ಪಾಪ, ಆ ಕೌಂಟರ್‌ನವರು."

ಬಿಲ್ಲೆ ಕೊಟ್ಟು ಬಟ್ಟೆ ಇಸಕೊಳ್ಳುವುದರಲ್ಲೇ ಬಾಳು ಸವೆಸಿದವರ ಸಂಕಟ ಅದು. ಅಂಚೆಯಲ್ಲಿ ಕಳಿಸಿ ಎಂದು ನಾನು ಹೇಳಿದ್ದಕ್ಕೆ ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಬಿಲ್ಲೆಯನ್ನು ಕೌಂಟರಿಗೆ ತಂದು ಕೊಡಬೇಕು, ಅದು ಧರ್ಮ.

ಅಲ್ಲಿಂದ ಪ್ರವಾಸದ ತಯಾರಿ ನಡೆಯಿತು. ಬಟ್ಟೆ ತೂಗುಹಾಕಿ ಸುತ್ತುವ ಅವರ ಲಾಂಡ್ರಿಯ ಕಂಬಿಯಲ್ಲಿ ಏಳು ಹ್ಯಾಂಗರುಗಳು ಮೀಸಲಾದವು, ದಿನಕ್ಕೊಂದು. ಪ್ರತಿ ಹ್ಯಾಂಗರಿಗೂ ಬಟ್ಟೆಗೆ ಕಟ್ಟುವಂಥ ಚೀಟಿಗಳು: ಹಳದಿಯದು ನಡೆಯುವುದಕ್ಕೆ, ಗುಲಾಬಿಯದು ತಿನ್ನುವುದಕ್ಕೆ, ನೀಲಿಯದು ಶೋಜಿ ಕೂತುಕೊಳ್ಳುವುದಕ್ಕೆ. ಯಾರದಾದರೂ ಅಂಗಿ ಬೇಕೆಂದು ಗುಂಡಿ ಒತ್ತಿದರೆ ಕಂಬಿ ಗರ್ರನೆ ಸುತ್ತಿ, ಓಬಾ ಟೀಚರ ಕಿಮೊನೊ ಆದ ಮೇಲೆ ಪ್ಯಾರಿಸ್ಸಿನ ಸೋಮವಾರ ಬರುತ್ತಿತ್ತು, ಆಮೇಲೆ ಪುರೋಹಿತರ ಪಾಯಜಾಮ, ಆಮೇಲೆ ಮಂಗಳವಾರ.

"ಮಂಗಳವಾರ ಪೂರ್ತಿ ನೀಲಿಯಾಗಿದೆಯಲ್ಲ?" ಎಂದು ಒಮ್ಮೆ ಕೇಳಿದೆ.

"ಅವತ್ತು ಶೋಜಿ ಕೂತಿರ್ತಾರೆ."

"ಎಲ್ಲಿ?"

"ಎಲ್ಲಿ ಕೂತ್ರೂ ಅದು ಪ್ಯಾರಿಸ್ಸೇ ತಾನೆ?"

ಗುರುವಾರ ಪ್ಯಾರಿಸ್ಸಿನಿಂದ ವಿಯೆನ್ನಾಕ್ಕೆ ರೈಲು. ವಿಮಾನದಲ್ಲಿ ಕೋಟು ಮಡಿಚಿ ಮೇಲೆ ತುರುಕುತ್ತಾರೆ, ರೈಲಿನಲ್ಲಿ ಕೊಕ್ಕೆ ಇರುತ್ತದೆ. ಶನಿವಾರ ಅರ್ಧ ಗಂಟೆ ಯಾವುದಾದರೂ ಲಾಂಡ್ರಿಯ ಮುಂದೆ ನಿಲ್ಲುವುದು, ಯಾಕೆಂದರೆ ಶೋಜಿ ತಮ್ಮ ಒಂಬತ್ತು ಮಾತುಗಳಲ್ಲಿ ನಾಲ್ಕನ್ನು ಖರ್ಚು ಮಾಡಿ "ಅಲ್ಲಿ ಕಾಲರ್ ಹೇಗೆ ಮಾಡ್ತಾರೆ?" ಎಂದು ಕೇಳಿದ್ದರಂತೆ. ಅದನ್ನೇ ಒಪ್ಪಿಗೆಯೆಂದು ತಿಳಿಯಲಾಯಿತು. ಭಾನುವಾರದ ಹ್ಯಾಂಗರಿನಲ್ಲಿ ಒಂದೇ ಚೀಟಿ: '೨೧೨ ವಾಪಸು.'

ಹೊರಡುವ ತಿಂಗಳು ಫೆಬ್ರವರಿ. ವಸಂತದಲ್ಲೂ ಶರತ್ತಿನಲ್ಲೂ ಊರಿಗೆ ಊರೇ ಋತುವಿನ ಬಟ್ಟೆ ಬದಲಾಯಿಸುವಾಗ ಲಾಂಡ್ರಿಯವರಿಗೆ ಸಾಯಲೂ ಪುರುಸೊತ್ತಿಲ್ಲ. ಫೆಬ್ರವರಿಯಲ್ಲಿ ಮಾತ್ರ ಯಾರೂ ಏನನ್ನೂ ಬಿಚ್ಚುವುದಿಲ್ಲ.

ಎಲ್ಲವೂ ಹ್ಯಾಂಗರಿನ ಮೇಲೆ ಸರಿಯಾಗಿತ್ತು. ಅಡ್ಡವಿದ್ದದ್ದು ಒಂದೇ, ನಮ್ಮ ಸಂಘದ ನಿಯಮ. ಇಪ್ಪತ್ತಮೂರು ಅಂಗಡಿಗಳಲ್ಲಿ ಒಂಬತ್ತರ ಷಟರು ಶಾಶ್ವತವಾಗಿ ಇಳಿದಿದೆ. ಇನ್ನೊಂದು ಷಟರು ನಾಲ್ಕು ದಿನ ಇಳಿದರೆ ಸಾಕು, ಗಿರಾಕಿಗಳು 'ಇದೂ ಹೋಯಿತು' ಅಂದುಕೊಂಡು ಸ್ಟೇಷನ್ನಿನ ಬಳಿಯ ಅಂಗಡಿಗಳ ಕಡೆ ನಡೆಯುತ್ತಾರೆ. ಅದಕ್ಕೇ ಮೂರು ದಿನಕ್ಕಿಂತ ಹೆಚ್ಚು ಮುಚ್ಚಬೇಕಾದರೆ ಸಭೆಯ ಒಪ್ಪಿಗೆ ಬೇಕು. ಮೂವತ್ತೊಂದು ವರ್ಷದಲ್ಲಿ ಮಿತ್ಸುಯೊ ಕೇಳಿದ್ದು ಅದೇ ಮೊದಲು.

ಡಿಸೆಂಬರ್ ಸಭೆಗೆ ಹನ್ನೊಂದು ಜನ ಬಂದಿದ್ದೆವು. ಎಲ್ಲರೂ ನೆಲದ ಮೇಲೆ ಮೆತ್ತೆ ಹಾಕಿಕೊಂಡು ಕೂತು ಕಿತ್ತಳೆ ಸುಲಿಯುತ್ತಿದ್ದೆವು. ಅಧ್ಯಕ್ಷರು ಕನ್ನಡಕದ ಅಂಗಡಿಯ ನಾಗಾಸೆ. ಹೋದ ಏಪ್ರಿಲಿನಲ್ಲಿ ಒಬ್ಬರೇ ಪ್ಯಾರಿಸ್ಸಿಗೂ ವಿಯೆನ್ನಾಕ್ಕೂ ಹೋಗಿಬಂದಿದ್ದರು, ಅಂದಿನಿಂದ ಯುರೋಪಿನ ಪ್ರಶ್ನೆಗಳಲ್ಲಿ ಅವರದೇ ಕೊನೆಯ ಮಾತಾಗಿತ್ತು. ಇದೇ ಕೋಣೆಯಲ್ಲಿ ಎರಡು ಸಲ ಚಿತ್ರ ತೋರಿಸಿ ಉಪನ್ಯಾಸ ಕೊಟ್ಟಿದ್ದರು. ಒಂದು ಚಿತ್ರದಲ್ಲೂ ಅವರಿರಲಿಲ್ಲ, ತೆಗೆದವರು ಅವರೇ ಎಂದು ನಾವು ತಿಳಿದಿದ್ದೆವು. ಮನೆಮನೆಗೆ ಚಾಕೊಲೇಟು ಹಂಚಿದ್ದರು. ಪ್ರವಾಸದಿಂದ ತಂದೆವೆಂದು ಹಂಚುವ ಚಾಕೊಲೇಟನ್ನು ಹೊರಡುವ ಮುಂಚೆಯೇ ಕ್ಯಾಟಲಾಗು ನೋಡಿ ಮನೆಗೆ ತರಿಸಿಕೊಳ್ಳುವ ಅನುಕೂಲ ನಮ್ಮಲ್ಲಿ ಇರುವುದರಿಂದ, ಅದರಿಂದ ಏನೂ ತಿಳಿಯುವಂತಿರಲಿಲ್ಲ.

"ಒಂದು ವಾರಕ್ಕೆ ಎರಡು ರಾಜಧಾನಿ!" ನಾಗಾಸೆ ತಲೆಯಾಡಿಸಿದರು. "ಕುಸಾಕಾ-ಸಾನ್, ಬೇಜಾರು ಮಾಡ್ಕೋಬೇಡಿ. ಅದು ಹೊಸಬರ ಲೆಕ್ಕ. ನಾನು ಹೋಗಿ ಬಂದವನು, ಅದಕ್ಕೆ ಹೇಳ್ತಿದ್ದೀನಿ. ಸುಸ್ತಾಗಿ, ಕಾಯಿಲೆ ಬಿದ್ದು, ಇನ್ನೊಂದು ವಾರ ಷಟರ್ ಇಳಿಸ್ತೀರಿ. ಬೀದಿ ಗತಿ ಏನು? ಬೇಕಾದ್ರೆ ಮೂರು ದಿನ ಕ್ಯೋತೊಗೆ ಹೋಗಿಬನ್ನಿ. ಅದೂ ರಾಜಧಾನಿ ಆಗಿತ್ತಲ್ಲ."

ಎರಡು ತಲೆ ಹೌದೆಂದು ಅಲ್ಲಾಡಿದವು. ಅದರಲ್ಲಿ ಒಂದು ನನ್ನದು ಎಂದು ಹೇಳಲು ನಾಚಿಕೆಯಾಗುತ್ತದೆ. ಅಧ್ಯಕ್ಷರು ಮಾತಾಡುವಾಗ ನನ್ನ ತಲೆ ತಾನಾಗಿಯೇ ಅಲ್ಲಾಡುತ್ತದೆ. ಮಿತ್ಸುಯೊ ಮೆತ್ತೆಯ ಮೇಲೆ ಕೂತಿದ್ದರು. ಸೇಬಿನ ಪೆಟ್ಟಿಗೆ ಇಲ್ಲದ ಅವರು ಮೇಜಿನಂಚಿಗಿಂತ ತುಸುವೇ ಮೇಲೆ ಕಾಣುತ್ತಿದ್ದರು. ಅವರ ಬಲಗೈ ಮುಚ್ಚಿತ್ತು. ಅದರಲ್ಲಿ ಬಿಲ್ಲೆ ಇತ್ತೆಂದು ಪಕ್ಕದಲ್ಲಿದ್ದ ನನಗೆ ಗೊತ್ತಿತ್ತು.

"ಅಧ್ಯಕ್ಷರೇ, ಒಂದು ಮಾತು ಕೇಳ್ಲಾ?" ಎಂದರು ಮೆಲ್ಲಗೆ. "ವಿಯೆನ್ನಾದಲ್ಲಿ ನಾಟಕಕ್ಕೆ ಹೋಗಿದ್ರಿ ಅಂದ್ರಲ್ಲ. ಒಳಗೆ ಹೋಗುವಾಗ ಕೋಟು ಏನ್ ಮಾಡಿದ್ರಿ?"

"ಕೋಟಾ? ಹಾಕ್ಕೊಂಡೇ ಕೂತಿದ್ದೆ. ಏಪ್ರಿಲ್ ಆದ್ರೂ ಎಂಥ ಚಳಿ ಅಂತೀರಿ!"

"ಹಾಕ್ಕೊಂಡಾ?" ದಂತವೈದ್ಯ ಸುಗಾ ಕಿತ್ತಳೆ ಬಾಯಲ್ಲಿಟ್ಟುಕೊಂಡೇ ಹೇಳಿದರು. "ನಾನು ಎಷ್ಟು ಗೋಗರೆದ್ರೂ ಬಿಡಲಿಲ್ಲ ಮಾರಾಯ್ರೇ. ಬಾಗಿಲಲ್ಲೇ ಬಿಚ್ಚಿಸಿದ್ರು."

"ನನಗೆ... ನನಗೆ ಬಿಟ್ರು."

"ಓ, ಹಾಗಾ" ಎಂದರು ಮಿತ್ಸುಯೊ. ಅಷ್ಟೇ. ಒಂದು ವ್ಯಂಗ್ಯವಿಲ್ಲ, ಒಂದು ಹುಬ್ಬು ಮೇಲೇರಲಿಲ್ಲ. ಚೀಲದೊಳಗೆ ಕೈಹಾಕಿ ಒಂದು ಕಂದು ಕವರು ತೆಗೆದು, ಎರಡೂ ಕೈಯಿಂದ ಮೇಜಿನ ಮೇಲೆ ಅಧ್ಯಕ್ಷರ ಕಡೆ ಸರಿಸಿದರು. "ಮರೆತಿದ್ದೆ. ನಿಮ್ಮ ಬೂದು ಓವರ್‌ಕೋಟು ಸಿದ್ಧವಾಗಿದೆ. ಇದು ಜೇಬಲ್ಲಿ ಸಿಕ್ತು."

ಕವರಿನ ಮೇಲೆ ಪೆನ್ಸಿಲಿನ ಅಕ್ಷರ ನಮಗೆಲ್ಲ ಕಾಣುತ್ತಿತ್ತು: 'ನಾಗಾಸೆ-ಸಾನ್. ಬೂದು ಓವರ್‌ಕೋಟು. ಒಳಜೇಬು.'

ನಾಗಾಸೆ ಕವರನ್ನು ನೋಡಿದರು, ಮಿತ್ಸುಯೊರನ್ನು ನೋಡಿದರು, ಮತ್ತೆ ಕವರನ್ನು ನೋಡಿದರು. ಒಡೆಯಲಿಲ್ಲ. ಕಾದ ಬಾಣಲೆ ಮುಟ್ಟಿದವರ ಹಾಗೆ ಎರಡು ಬೆರಳಲ್ಲಿ ಎತ್ತಿ ಅಂಗಿಯೊಳಗೆ ಹಾಕಿಕೊಂಡರು. ಹಣೆಯ ಮೇಲೆ ಬೆವರು ಮೂಡಿತ್ತು, ಡಿಸೆಂಬರಿನಲ್ಲಿ.

"ಒಂದು ವಾರ," ಎಂದು ಅವರು ಗಂಟಲು ಸರಿಮಾಡಿಕೊಂಡರು. "ಯೋಚಿಸಿ ನೋಡಿದ್ರೆ ಒಂದು ವಾರ ಸಾಕು. ಬೇಕಾದಷ್ಟಾಯ್ತು. ಸುಮ್ನೆ ಹತ್ತು ದಿನ ಮಾಡ್ಕೊಳ್ಳಿ ಕುಸಾಕಾ-ಸಾನ್. ಯಾರದ್ದಾದ್ರೂ ಆಕ್ಷೇಪಣೆ ಇದ್ಯಾ? ಇಲ್ಲ. ಮುಂದಿನ ವಿಷಯ, ಬೀದಿ ದೀಪ."

"ಒಂದು ವಾರ ಸಾಕು" ಎಂದು ಮಿತ್ಸುಯೊ ತಲೆ ಬಾಗಿ ವಂದಿಸಿದರು. "ಹ್ಯಾಂಗರ್ ಏಳೇ ಇರೋದು."

ಆಮೇಲೆ ಎರಡು ತಿಂಗಳು ನನಗೆ ಬೇರೆ ಚಿಂತೆಯೇ ಇರಲಿಲ್ಲ. ಆ ಒಳಜೇಬಿನಲ್ಲಿ ಏನಿತ್ತು? ಪಕ್ಕದ ಕಣಿವೆಯ ಬಿಸಿನೀರಿನ ಊರಿನ ವಸತಿಗೃಹದ ರಸೀದಿ ಎಂದು ಓಬಾ ಟೀಚರು. ಅದೂ ಇಬ್ಬರದ್ದು ಎಂದು ಅವರ ಯಜಮಾನರು. ನಾನು ಒಂದು ರಾತ್ರಿಗೆ ಒಂದರಂತೆ ಕಥೆ ಕಟ್ಟಿದೆ. ನಾಗಾಸೆಯಂತೂ ಮೂರನೆಯ ಉಪನ್ಯಾಸವನ್ನು ಗಂಟಲುನೋವಿನ ಕಾರಣದಿಂದ ಮುಂದೂಡಿದರು. ಹಾಗೆಯೇ ಬಿಟ್ಟರು.

ಹೊರಡುವ ಹಿಂದಿನ ದಿನ ಲಾಂಡ್ರಿಗೆ ಹೋದೆ. ಷಟರಿಗೆ ಅಂಟಿಸಬೇಕಾದ ದೊಡ್ಡ ಕಾಗದವನ್ನು ನಾನೇ ಬರೆದುಕೊಟ್ಟಿದ್ದೆ, ಒಕ್ಕಣೆ ಮಾತ್ರ ಅವರದು: 'ಅಂಗಡಿ ಹೋಗಿಲ್ಲ. ನಾವು ಹೋಗಿದ್ದೇವೆ. ಬರುತ್ತೇವೆ.' ಶೋಜಿ ಇಬ್ಬರ ಕೋಟುಗಳಿಗೂ ಕೊನೆಯ ಇಸ್ತ್ರಿ ಕೊಡುತ್ತಿದ್ದರು. ಮಿತ್ಸುಯೊ ಬಿಲ್ಲೆಯನ್ನು ಹಿತ್ತಾಳೆ ಬೆಳಗುವ ಪುಡಿ ಹಾಕಿ ಉಜ್ಜಿ ಬಂಗಾರದ ಹಾಗೆ ಮಾಡಿ, ಒಂದು ಕಂದು ಕವರಿಗೆ ಹಾಕಿ, ಪಿನ್ನು ಹೊಡೆದು, ತಮ್ಮ ಒಳಜೇಬಿಗಿಟ್ಟು, ಜೇಬಿನ ಬಾಯಿಗೆ ನಾಲ್ಕು ಹೊಲಿಗೆ ಹಾಕಿದರು.

ಇನ್ನು ತಡೆಯಲಾಗಲಿಲ್ಲ. ಗಿರಾಕಿಗಳಿಲ್ಲವೆಂದು ಎರಡು ಸಲ ತಿರುಗಿ ನೋಡಿ, ಕೌಂಟರಿನ ಮೇಲೆ ಬಗ್ಗಿದೆ.

"ಕುಸಾಕಾ-ಸಾನ್, ನಾನು ಯಾರಿಗೂ ಹೇಳಲ್ಲ. ಅವತ್ತು ಅಧ್ಯಕ್ಷರಿಗೆ ಕೊಟ್ರಲ್ಲ ಆ ಕವರು, ಅದ್ರಲ್ಲಿ ಏನಿತ್ತು?"

ಅವರು ದಾರವನ್ನು ಹಲ್ಲಿನಿಂದ ಕಡಿದರು.

"ಎಡತೋಳಿನ ಗುಂಡಿ. ಕಿತ್ತು ಬಂದಿತ್ತು ಅಂತ ಅವರೇ ಜೇಬಲ್ಲಿ ಇಟ್ಕೊಂಡಿದ್ರು. ಹೊಲಿಯೋಕೆ ಬೇರೆ ಚಾರ್ಜು ಆಗುತ್ತೆ, ಕೇಳದೆ ಹೊಲಿಯೋ ಹಾಗಿಲ್ಲ."