ಕೆರೆಯಲ್ಲಿ ನೆನೆಸಿದ ಚಕ್ರ

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯ ಮಗ್ಗುಲಿನಲ್ಲಿದೆ. ಬೇಸಿಗೆ ಬಂತೆಂದರೆ ಊರಿನ ಗಾಡಿಗಳೆಲ್ಲ ಸಂಜೆ ಕೆರೆಗೆ ಇಳಿಯುತ್ತಿದ್ದವು. ಬಿಸಿಲಿಗೆ ಚಕ್ರದ ಮರ ಒಣಗಿ ಕುಗ್ಗುತ್ತದೆ, ಸುತ್ತ ಬಿಗಿದ ಕಬ್ಬಿಣದ ಹಳಿ ಸಡಿಲವಾಗುತ್ತದೆ. ನೀರಿನಲ್ಲಿ ನಿಲ್ಲಿಸಿದರೆ ಮರ ಉಬ್ಬಿಕೊಂಡು ಹಳಿಯನ್ನು ಮತ್ತೆ ಕಚ್ಚಿ ಹಿಡಿಯುತ್ತದೆ. ಬೆಳಿಗ್ಗೆ ಹೊರಡುವಾಗ ಚಕ್ರ ಹೊಸದರ ಹಾಗಿರುತ್ತದೆ. ಎಲ್ಲರೂ ಹೀಗೆಯೇ ಮಾಡುತ್ತಿದ್ದರು. ಇದರಲ್ಲಿ ಮೋಸ ಇದೆ ಎಂದು ನಾನು ಮೊದಲು ಕೇಳಿದ್ದು ನನ್ನ ತಮ್ಮನ ಬಾಯಿಂದ.

ಅವ್ವ ತೀರಿಕೊಂಡಾಗ ನಾನು ಕೂಲಿಮಠದಲ್ಲಿ ಮೂರನೇ ತರಗತಿ. ಅಲ್ಲಿಗೆ ನನ್ನ ಓದು ನಿಂತಿತು, ಒಲೆ ನನ್ನ ಪಾಲಿಗೆ ಬಂತು. ತಮ್ಮ ಓದಿದ. ಲೆಕ್ಕದಲ್ಲಿ ಚುರುಕು. ಮಿಡ್ಲ್ ಸ್ಕೂಲಿನ ಮೇಷ್ಟ್ರು ಅಪ್ಪನನ್ನು ಕರೆಸಿ, ಇವನನ್ನು ಹುಣಸೂರಿನ ಕೈಗಾರಿಕೆ ಸ್ಕೂಲಿಗೆ ಹಾಕಿ, ಮರಗೆಲಸ ಕಮ್ಮಾರಿಕೆ ಎರಡೂ ಕಲಿಸುತ್ತಾರೆ, ಗುಮಾಸ್ತನ ಕೆಲಸಕ್ಕೆ ಕಾಯುತ್ತಾ ಕೂರುವುದಕ್ಕಿಂತ ಕೈಯಲ್ಲೊಂದು ಕಸುಬು ಇರಲಿ ಎಂದಿದ್ದರು. ಅಪ್ಪ ಅರೆಮನಸ್ಸಿನಿಂದ ಒಪ್ಪಿದ್ದರು. ಒಕ್ಕಲು ಮನೆಯ ಹುಡುಗ ಆಚಾರಿ ಆಗ್ತಾನಂತೆ, ಇನ್ನು ಮುಂದೆ ನೇಗಿಲು ಮಾಡಿಸೋಕೆ ನಿಮ್ಮನೆಗೇ ಬತ್ತೀವಿ ಬುಡು ಎಂದು ಅರಳಿಕಟ್ಟೆಯ ಮೇಲೆ ಕೂತವರು ಅಪ್ಪನನ್ನು ಹಂಗಿಸುತ್ತಿದ್ದರು. ಅಂಥ ಸಂಜೆ ಅಪ್ಪ ಮನೆಗೆ ಬಂದರೆ ತಟ್ಟೆ ಇಟ್ಟು ನಾನು ಒಲೆಯ ಹಿಂದೆ ಸರಿದು ನಿಲ್ಲುತ್ತಿದ್ದೆ. ಅಪ್ಪ ಹೊಡೆಯುವವರಲ್ಲ. ಅವರ ದನಿಗೇ ಹೆದರುತ್ತಿದ್ದೆ.

ಶಿವರಾತ್ರಿ ಕಳೆದು ಬಿಸಿಲು ಬಲಿತಿದ್ದ ದಿನಗಳು. ರಜಕ್ಕೆ ಬಂದಿದ್ದ ತಮ್ಮ ಹಿತ್ತಲಲ್ಲಿ ನಿಂತಿದ್ದ ಗಾಡಿಯ ಚಕ್ರಗಳನ್ನು ಮರದ ಸುತ್ತಿಗೆಯಿಂದ ತಟ್ಟುತ್ತಾ ಸುತ್ತು ಬಂದ. ಬಲಗಡೆಯದು ಗಂಟೆಯಂತೆ ಸದ್ದು ಮಾಡಿತು. ಎಡಗಡೆಯದು ಒಡೆದ ಮಡಕೆಯ ಹಾಗೆ ಟೊಳ್ಳಾಗಿ ದನಿ ಕೊಟ್ಟಿತು. ಹಳಿಯನ್ನು ಬಿಚ್ಚಿ, ಒಂದಿಷ್ಟು ಕತ್ತರಿಸಿ, ಬೆಸೆದು, ಕೆಂಪಗೆ ಕಾಯಿಸಿ ಮತ್ತೆ ತೊಡಿಸಬೇಕು, ಬರೀ ನೆನೆಸಿದರೆ ರಸ್ತೆಯ ಬಿಸಿಲಿನಲ್ಲಿ ಅರ್ಧ ದಾರಿಗೆ ಮರ ಮತ್ತೆ ಕುಗ್ಗುತ್ತದೆ, ಹೇರು ಹೇರಿದ್ದರೆ ಕಳಚಿಕೊಳ್ಳುತ್ತದೆ ಎಂದು ನನಗೆ ಬಿಡಿಸಿ ಹೇಳಿದ.

"ಅಪ್ಪಂಗೆ ಹೇಳು" ಅಂದೆ.

"ನಾನು ಹೇಳಿದ್ರೆ ಸ್ಕೂಲು ಬುಡಿಸ್ತಾರೆ ಕಣಕ್ಕ. ನಂಗೇ ಬುದ್ಧಿ ಹೇಳಕ್ಕೆ ಬತ್ತೀಯೇನ್ಲಾ ಅಂತಾರೆ. ನೀನು ಹೇಳು. ನೀನು ಹೇಳಿದ್ರೆ ಮನೆ ಮಾತು ಆಯ್ತದೆ."

ಹೇಳುತ್ತೇನೆ ಎಂದೆ. ಅವನು ಗಂಟು ಹೆಗಲಿಗೇರಿಸಿಕೊಂಡು ಹುಣಸೂರಿಗೆ ಹೊರಟು ಹೋದ.

ಅಪ್ಪ ಪಿರಿಯಾಪಟ್ಟಣದ ಸಂತೆಗೆ ರಾಗಿ ಹೇರಬೇಕಿತ್ತು. ಹಿಂದಿನ ಸಂಜೆ ಗಾಡಿಯನ್ನು ಕೆರೆಗೆ ಇಳಿಸಿ ಬಂದರು. ಆಗ ಹೇಳಬಹುದಿತ್ತು. ಅರಳಿಕಟ್ಟೆಯಲ್ಲಿ ಯಾರೋ ಏನೋ ಅಂದಿದ್ದರು, ಅಪ್ಪನ ಮುಖ ಕಪ್ಪಾಗಿತ್ತು. ಬೆಳಿಗ್ಗೆ ಹೇಳೋಣ ಎಂದುಕೊಂಡೆ. ಬೆಳಿಗ್ಗೆ ಚಕ್ರ ನೋಡಿದೆ. ನೀರು ಸೋರುತ್ತಾ ಮರ ಕಪ್ಪಗೆ ಉಬ್ಬಿತ್ತು, ಹಳಿಯ ಸಂದಿನಲ್ಲಿ ಕೂದಲೂ ಹೋಗದ ಹಾಗೆ ಕೂತಿತ್ತು. ತಮ್ಮನ ಮಾತೇ ಸುಳ್ಳಿರಬಹುದು ಎನ್ನಿಸಿತು. ಈಗ ಬಾಯಿ ಬಿಟ್ಟರೆ ಅಪ್ಪನಿಗೆ ಹೊತ್ತಾಗುತ್ತದೆ, ಸಿಟ್ಟು ಬರುತ್ತದೆ, ಆ ಸಿಟ್ಟು ತಮ್ಮನ ಸ್ಕೂಲಿನ ಮೇಲೆ ಬೀಳುತ್ತದೆ. ಬುತ್ತಿ ಕೊಟ್ಟೆ. ಅಪ್ಪ ಎತ್ತಿನ ಬೆನ್ನು ತಟ್ಟಿ ಹೊರಟರು.

ಬಿಸಿಲು ಏರುತ್ತಾ ಹೋಯಿತು, ನನ್ನ ಭಯವೂ. ಅಂಗಳಕ್ಕೆ ಬಂದು ನೆಲ ಮುಟ್ಟಿ ನೋಡುತ್ತಿದ್ದೆ, ಎಷ್ಟು ಕಾದಿದೆ ಎಂದು. ನೆಲ ಇಷ್ಟು ಸುಡುತ್ತಿದ್ದರೆ ರಸ್ತೆಯ ಮೇಲೆ ಚಕ್ರ ಎಷ್ಟು ಒಣಗಿರಬೇಕು. ಬಿಂದಿಗೆ ಹಿಡಿದು ಕೆರೆಗೆ ಹೋದರೆ ಗಾಡಿ ನಿಂತಿದ್ದ ಕಡೆ ಕೆಸರಿನಲ್ಲಿ ಚಕ್ರದ ಗೆರೆ ಇನ್ನೂ ಇತ್ತು. ನೀರು ತುಂಬದೆ ವಾಪಸು ಬಂದೆ. ಅಕ್ಕಿ ಆರಿಸಲು ಕೂತರೆ ಕೈ ಓಡಲಿಲ್ಲ. ಓಡಿಹೋಗಿ ಗಾಡಿಯನ್ನು ತಡೆಯಲೇ ಎಂದುಕೊಂಡು ಊರ ಬಾಗಿಲಿನವರೆಗೆ ಹೋದೆ. ಹೆಣ್ಣು ಹುಡುಗಿ ಒಬ್ಬಳೇ ರಸ್ತೆಯಲ್ಲಿ ಓಡಿದರೆ ಜನ ಏನೆನ್ನುತ್ತಾರೆ ಎಂದು ಅಲ್ಲಿಂದ ತಿರುಗಿದೆ. ಅದೂ ಭಯವೇ.

ಬಿಸಿಲು ಇಳಿಯುವ ಹೊತ್ತಿಗೆ ಅಪ್ಪನನ್ನು ಬೇರೆಯವರ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು ತಂದರು. ಇಳಿಜಾರಿನಲ್ಲಿ ಹಳಿ ಕಳಚಿ, ಚಕ್ರ ಬಿರಿದು, ಮೂಟೆಗಳು ಅವರ ಎಡಗಾಲಿನ ಮೇಲೆ ಬಿದ್ದಿದ್ದವು. ಮೂಳೆ ಕಟ್ಟುವವರು ಬಂದು ಬಿದಿರಿನ ದಬ್ಬೆ ಕಟ್ಟಿದರು. ಕಾಲು ಕೂಡಿತು, ನೆಟ್ಟಗೆ ಕೂಡಲಿಲ್ಲ.

ಸುದ್ದಿ ತಿಳಿದು ತಮ್ಮ ಓಡಿ ಬಂದ. ಅಪ್ಪನ ಸುತ್ತ ಜನ ಇದ್ದರು. ಗಟ್ಟಿಯಾಗಿದ್ದ ಚಕ್ರ ಹೀಗೆ ಹೇಗಾಯಿತು ಎಂಬ ಮಾತು ನಡೆದಿತ್ತು. ಆಗ ಪಕ್ಕದ ಮನೆಯ ದೊಡ್ಡಪ್ಪ, "ನಿನ್ ಮಗನೇ ಅವತ್ತು ಸುತ್ತಿಗೆ ತಕಂಡು ಬಡೀತಿದ್ದ ಕಣ. ಕಸುಬು ಗೊತ್ತಿಲ್ದೋನು ಹಂಗೆ ಬಡಿದ್ರೆ ಸಡಿಲ ಆಗ್ದೆ ಇನ್ನೇನಾದದು" ಅಂದರು.

ಅಪ್ಪ ಮಲಗಿದ್ದಲ್ಲಿಂದಲೇ ತಲೆ ತಿರುಗಿಸಿದರು. "ಮುಟ್ಟಿದ್ಯೇನ್ಲಾ?"

"ಮುಟ್ಟಿದ್ದೆ" ಅಂದ ತಮ್ಮ. ಅಷ್ಟು ಹೇಳಿ ನನ್ನ ಕಡೆ ನೋಡಿದ.

ಅವನು ನನಗೆ ಹೇಳಿದ್ದ ಎಂದು ನಾನು ಹೇಳಿದ್ದರೆ ಸಾಕಿತ್ತು. ಗೊತ್ತಿದ್ದೂ ಕಳಿಸಿದವಳು ಎಂದು ಎಲ್ಲರೂ ನನ್ನತ್ತ ತಿರುಗುವುದು ಕಣ್ಣ ಮುಂದೆ ಬಂತು. ನೀರು ಕಾಯಿಸುವ ನೆಪ ಮಾಡಿ ಒಲೆಯ ಹತ್ತಿರ ಹೋದೆ. ಅವನೂ ತಲೆ ತಗ್ಗಿಸಿಕೊಂಡ, ನನ್ನ ಹೆಸರೆತ್ತಲಿಲ್ಲ. ಮಾರನೆಯ ದಿನದಿಂದ ಸ್ಕೂಲು ಬಿಟ್ಟು ನೇಗಿಲು ಹಿಡಿದ. ಸ್ಕೂಲಿನ ಮೇಷ್ಟ್ರು ಒಂದು ಸಲ ಮನೆಯವರೆಗೂ ಬಂದು ಕೇಳಿಕೊಂಡರು. ನಮ್ಮ ವಂಶಕ್ಕೆ ಆ ಕಸುಬು ಆಗಿಬರಲ್ಲ ಸ್ವಾಮಿ ಎಂದು ಅಪ್ಪ ಕೈ ಮುಗಿದರು.

ಅದಾಗಿ ಎಷ್ಟೋ ವರ್ಷ. ನಾನು ಮದುವೆಯಾಗಿ ಸಾಲಿಗ್ರಾಮದ ಕಡೆಗೆ ಹೋದೆ. ತಮ್ಮನ ಮಗನ ಮಿಡ್ಲ್ ಸ್ಕೂಲು ಈ ವರ್ಷ ಮುಗಿಯಿತು. ಅವನೂ ಹುಣಸೂರಿನ ಕೈಗಾರಿಕೆ ಸ್ಕೂಲಿಗೇ ಹೋಗುತ್ತೇನೆಂದು ಕೂತಿದ್ದಾನೆ ಎಂದು ತಿಳಿದು ನಾನು ತವರಿಗೆ ಬಂದೆ. ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದ ಅಪ್ಪ ಮತ್ತೆ ಅದೇ ಮಾತು ಎತ್ತಿದರು. ಆ ಕಸುಬು ನಮಗೆ ಆಗಿಬರಲ್ಲ, ನಿಮ್ಮಪ್ಪ ಕೈಯಿಟ್ಟ, ನನ್ನ ಕಾಲು ಹೋಯಿತು ಎಂದು ಮೊಮ್ಮಗನಿಗೆ ಹೇಳುತ್ತಿದ್ದರು. ಹುಡುಗ ತಲೆ ತಗ್ಗಿಸಿದ. ಅವನಪ್ಪ ಅವತ್ತು ಹೀಗೆಯೇ ತಗ್ಗಿಸಿದ್ದ. ನನಗೆ ಅವತ್ತಿನ ಭಯವೇ ಮತ್ತೆ ಬಂತು. ಆದರೂ ಹೇಳಿದೆ.

"ಅಪ್ಪ, ಅವನು ನಂಗೆ ಮುಂಚೇನೇ ಹೇಳಿದ್ದ. ಹಳಿ ನಿಲ್ಲಲ್ಲ, ಅಪ್ಪಂಗೆ ಹೇಳಕ್ಕ ಅಂದಿದ್ದ. ನಾನೇ ನಿಮಗೆ ಹೆದರಿ ಹೇಳಲಿಲ್ಲ."

ಅಪ್ಪ ಸೊಟ್ಟಗೆ ಕೂಡಿದ್ದ ಎಡಗಾಲನ್ನು ಸವರಿಕೊಂಡರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ಕೋಲೂರಿಕೊಂಡು ಎದ್ದು ಹಿತ್ತಲಿನ ಗಾಡಿಯ ಹತ್ತಿರ ಹೋಗಿ ತಮ್ಮನನ್ನು ಕರೆದರು.

"ಒಂದ್ಸಲ ತಟ್ಟಿ ನೋಡ್ಲಾ. ಹೆಂಗಿದ್ದದು ಹೇಳು."

ತಮ್ಮ ಚಕ್ರದ ಮೇಲೆ ಅಂಗೈ ಇಟ್ಟ. ತಟ್ಟಲಿಲ್ಲ.

"ನಂಗೆ ಮರ್ತೋಯ್ತು ಕಣಪ್ಪ. ಇವನು ಕಲ್ತು ಬರ್ಲಿ, ಇವನ ಕೈಲೇ ತಟ್ಸಿ."

ಹುಡುಗ ಯುಗಾದಿ ಕಳೆದ ಮೇಲೆ ಹುಣಸೂರಿಗೆ ಹೋಗುತ್ತಾನೆ. ತಮ್ಮನಿಗೆ ನಿಜವಾಗಿಯೂ ಮರೆತಿದೆಯೋ ಇಲ್ಲವೋ ನನಗೆ ತಿಳಿಯದು. ಅದನ್ನು ಅವನನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.