ಮಚವೆಯ ಮೂತಿಗೆ ಹೊಡೆದ ಮೊಳೆ

೧೯೫೯ರಲ್ಲಿ ನಾನು ಹೊನ್ನಾವರದಲ್ಲಿ ಕೋರ್ಟಿನ ಬೇಲೀಫನಾಗಿದ್ದೆ. ಸಮನ್ಸನ್ನು, ಅಂದರೆ ಕೋರ್ಟಿಗೆ ಹಾಜರಾಗಬೇಕೆಂಬ ಆಜ್ಞಾಪತ್ರವನ್ನು, ಸಂಬಂಧಪಟ್ಟವರ ಕೈಗೆ ಮುಟ್ಟಿಸಿ ಸಹಿ ತರುವುದು ಬೇಲೀಫನ ಕೆಲಸ. ಕಾನೂನಿನೆದುರು ಎಲ್ಲರೂ ಸಮಾನರೆಂದು ಧಾರವಾಡದ ಚರ್ಚಾಸ್ಪರ್ಧೆಗಳಲ್ಲಿ ವಾದಿಸಿ ಗೆದ್ದಿದ್ದ ನನಗೆ ಈ ಕೆಲಸ ಕೀಳೆನಿಸಿರಲಿಲ್ಲ. ನ್ಯಾಯವು ಬಡವನ ಬಾಗಿಲಿಗೆ ಬರುವುದು ಬೇಲೀಫನ ಕಾಲಿನಿಂದಲೇ ಎಂದು ನಂಬಿದ್ದೆ. ಆದರೆ ಹಡಗಿನವರ ಹೆಸರಿನ ಸಮನ್ಸುಗಳು ‘ವ್ಯಕ್ತಿ ಸಿಗಲಿಲ್ಲ’ ಎಂಬ ಷರಾ ಹೊತ್ತು ಮರಳುತ್ತಿದ್ದವು. ಅದನ್ನು ನಿಲ್ಲಿಸಲು ಪಣ ತೊಟ್ಟಿದ್ದೆ.

ಆ ವರ್ಷ ತೆಂಗಿನಗುಂಡಿಯ ನಾಗಪ್ಪನೆಂಬ ಖಲಾಸಿಯ, ಅಂದರೆ ಹಡಗಿನ ಆಳಿನ, ಮೇಲೆ ಕಳವಿನ ಮೊಕದ್ದಮೆ ಬಂತು. ತಾನು ದುಡಿಯುತ್ತಿದ್ದ ಮಚವೆಯೆಂಬ ಸರಕಿನ ಹಾಯಿಹಡಗಿನ ಹಿತ್ತಾಳೆ ದಿಕ್ಸೂಚಿಯನ್ನು ಅವನು ಮಾರಿಕೊಂಡನೆಂದು ಮಾಲೀಕನ ದೂರು. ತೆರೆಯ ಹೊಡೆತಕ್ಕೆ ಅದು ಕಡಲಿಗೆ ಬಿತ್ತೆಂದು ನಾಗಪ್ಪನ ಹೇಳಿಕೆ. ಬಿದ್ದದ್ದನ್ನು ಕಂಡವನು ಒಬ್ಬನೇ, ಮಚವೆ ನಡೆಸುವ ತಾಂಡೇಲ ಮಂಜ. ಅವನು ಸಾಕ್ಷಿ ಹೇಳದಿದ್ದರೆ ನಾಗಪ್ಪನಿಗೆ ಜೈಲು ಖಚಿತವಾಗಿತ್ತು.

ಶರಾವತಿಯನ್ನು ದೋಣಿಯಲ್ಲಿ ದಾಟಿ, ಬಸ್ಸು ಹಿಡಿದು ತೆಂಗಿನಗುಂಡಿ ತಲುಪಿದಾಗ, ಮಚವೆ ಹಂಚು ಹೇರಿಕೊಂಡು ಕುಮಟೆಗೆ ಹೊರಡಲು ಭರತದ ನೀರು ಏರುವುದನ್ನು ಕಾಯುತ್ತಿತ್ತು. ದಡದಲ್ಲಿ ನಾಗಪ್ಪನ ಹೆಂಡತಿ ದೇವಿ ನನ್ನನ್ನು ತಡೆದಳು.

“ಈಗ ಹತ್ತಬೇಡಿ ಸಾಯೇಬ್ರೆ. ಮಚವೆಗೆ ಪೂಜೆ ಆತು. ಇನ್ನು ಮಚವೆ ಮೇಲೆ ನಿಂತ್ಕಂಡು ನೆಲದವ್ರ ಕೈಯಿಂದ ಅವ್ರು ಎಂತದೂ ಇಸ್ಕಳೂದಿಲ್ಲ. ಹೊರಡೂಕೆ ಮೊದ್ಲು ಕುಡಿಯೂ ನೀರಿಗೆ ಬಾವಿಗೆ ಬತ್ರು, ಆಗ ಕೊಡಿ.”

ಸರಕಾರದ ಆಜ್ಞೆ ಬಾವಿಯ ಕಟ್ಟೆಯಲ್ಲಿ ಕಾದು ಕೂರುವುದಿಲ್ಲ ಎಂದು ಅವಳಿಗೆ ಭಾಷಣವನ್ನೇ ಮಾಡಿದೆ. ಮೊಣಕಾಲುದ್ದದ ನೀರಿನಲ್ಲಿ ನಡೆದು ಮಚವೆಯ ಬಳಿ ಹೋದೆ.

“ಬೇಲೀಪ್ರೂ ಬತ್ರಾ? ಹಂಚಿನ ಮೇಲೆ ಜಾಗ ಅದೆ,” ಎಂದು ಒಬ್ಬ ಅಣಕಿಸಿದ. ಉಳಿದವರು ನಕ್ಕರು. ಮಂಜ ನಗಲಿಲ್ಲ. ಕೋರ್ಟಿಗೆ ಬರುವುದಾಗಿ ನಾಗಪ್ಪನ ಹೆಂಡತಿಗೆ ಮಾತು ಕೊಟ್ಟಾಗಿದೆ, ಕಾಗದವನ್ನು ಬಾವಿಯ ಹತ್ತಿರ ತೆಗೆದುಕೊಳ್ಳುತ್ತೇನೆ ಎಂದ. ನಾನು ಕೈ ಚಾಚಿದೆ. ಅವನು ತನ್ನೆರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಸಮನ್ಸನ್ನು ನಿರಾಕರಿಸಿದರೆ ಅದನ್ನು ಆ ವ್ಯಕ್ತಿ ವಾಸಿಸುವ ಮನೆಗೆ ಅಂಟಿಸಬಹುದೆಂಬ ನಿಯಮವಿದೆ. ಇವನು ವರ್ಷದಲ್ಲಿ ಎಂಟು ತಿಂಗಳು ಮಲಗುವುದು ಮಚವೆಯಲ್ಲಿ. ಆದ್ದರಿಂದ ಮಚವೆಯೇ ಇವನ ಮನೆ. ಚರ್ಚಾಕೂಟದಲ್ಲಾಗಿದ್ದರೆ ಈ ವಾದಕ್ಕೆ ಚಪ್ಪಾಳೆ ಬೀಳುತ್ತಿತ್ತು. ಚೀಲದಿಂದ ಸುತ್ತಿಗೆ, ಎರಡು ಮೊಳೆ ತೆಗೆದು, ಎಲ್ಲರಿಗೂ ಕಾಣುವಂತೆ ಮಚವೆಯ ಮುಂತುದಿಗೆ, ಅದರ ಮೂತಿಗೇ, ಸಮನ್ಸನ್ನು ಬಡಿದೆ. ಪೂಜೆಯಲ್ಲಿ ಅಲ್ಲಿಗೆ ಹಚ್ಚಿದ್ದ ಕುಂಕುಮವಿನ್ನೂ ಹಸಿಯಾಗಿತ್ತು, ನನ್ನ ಬೆರಳಿಗೆ ಮೆತ್ತಿತು.

“ತಾಯಿ ಹಣೆಗೆ ಮೊಳೆ ಹೊಡದ್ಯಲ, ನೀ ಓದದ್ದು ಇದನ್ನೇಯ?” ಎಂದು ಮುದುಕ ಖಲಾಸಿಯೊಬ್ಬ ಕೇಳಿದ. ಯಾರೋ ನನ್ನನ್ನು ನೀರಿಗೆ ನೂಕಿದರು. ಎದ್ದು ನಿಂತಾಗ ನನ್ನ ಕೊಡೆ ತೇಲಿಹೋಗುತ್ತಿತ್ತು. ಅಂಟಿಸಿದ್ದಕ್ಕೆ ಸಾಕ್ಷಿಯಾಗಿ ಸಹಿ ಮಾಡಲು ದಡದಲ್ಲಿ ಒಬ್ಬರೂ ಒಪ್ಪಲಿಲ್ಲ. ದೇವಿ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಳು. ಕೊನೆಗೆ ಪರವೂರಿನ ಹಂಚಿನ ಗುಮಾಸ್ತನೊಬ್ಬನಿಂದ ಸಹಿ ಪಡೆದೆ.

ನನ್ನ ಜಾರಿ ಕ್ರಮಬದ್ಧವಾಗಿದೆಯೆಂದು ಕೋರ್ಟು ಒಪ್ಪಿತು. ವಿಚಾರಣೆಯ ದಿನ ಮಂಜ ಹೊತ್ತಿಗೆ ಸರಿಯಾಗಿ ಬಂದ. ಕಟಕಟೆಯಲ್ಲಿ ನಿಂತು, ದಿಕ್ಸೂಚಿ ಏನಾಯಿತೆಂಬ ಪ್ರಶ್ನೆಗೆ, “ನಾ ಕಂಡದ್ದಿಲ್ಲ,” ಎಂದ. ನಾಗಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಮೂರು ತಿಂಗಳ ಸಜೆಯಾಯಿತು.

ಹೊರಗೆ ಮಂಜನನ್ನು ತಡೆದು, ಪ್ರಮಾಣ ಮಾಡಿ ಸುಳ್ಳು ಹೇಳಿದೆಯಲ್ಲ ಎಂದು ಕೆರಳಿ ಕೇಳಿದೆ.

“ಮಾಲೀಕಂಗೆ ನಾ ಹೆದ್ರಿದ್ದಿಲ್ಲ,” ಎಂದ ಅವನು. “ಮೊಳೆ ಬಿದ್ದ ಮೇಲೆ ಆಳುಗಳು ಒಬ್ರೂ ಮಚವೆ ಹತ್ತಲಿಲ್ಲ. ತಾಯಿ ಹಣೆಗೆ ಮೊಳೆ ಹೊಡದ ಕೋರ್ಟಿಗೆ ಕಂಡದ್ದು ಹೇಳೂದಿಲ್ಲ ಅಂತ ನಾ ಆಣೆ ಇಟ್ಟ ಮೇಲೇ ಹತ್ತಿದ್ರು. ಒಬ್ನೇ ಹಾಯಿ ಎಳೂಕೆ ಆತದಾ, ನೀವೇ ಹೇಳಿ.”



ಆಮೇಲೆ ಇಪ್ಪತ್ತಾರು ವರ್ಷ ಸೇವೆಯಲ್ಲಿದ್ದೆ. ಹಡಗಿನವರ ಸಮನ್ಸು ಬಂದಾಗಲೆಲ್ಲ ಬಾವಿಯ ಕಟ್ಟೆಯಲ್ಲಿ ಕುಳಿತು ಕಾದೆ; ಕಾಗದಗಳು ಕೈಸೇರಿದವು. ತೆಂಗಿನಗುಂಡಿಯಲ್ಲಿ ಮಾತ್ರ, ನಾನು ಬಂದು ಕುಳಿತರೆ, ದೇವಿ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೋಗುತ್ತಿದ್ದಳು. ಸಮನ್ಸು ಮನುಷ್ಯನನ್ನು ಕಟಕಟೆಯವರೆಗೆ ತರಬಲ್ಲದು. ಅವನು ಕಂಡ ಸತ್ಯವನ್ನು ಅವನೇ ಹೊತ್ತು ತರಬೇಕು. ಮಂಜ ತರಲು ಸಿದ್ಧನಿದ್ದ. ಅದಕ್ಕೆ ನಾನು ಒಂದು ಗಳಿಗೆ ಕಾದಿದ್ದರೆ ಸಾಕಿತ್ತು.